ಮಲಗಿದ ಮದ್ದು

“ಚಟಕ್ ಅಂತು, ಅಷ್ಟೇ ಕಣಕ್ಕ. ಹಂದಿ ನನ್ ಮಕ ನೋಡ್ತು, ನಾನು ಹಂದಿ ಮಕ ನೋಡ್ದೆ. ಆಮೇಲೆ ನಾನಲ್ಲಿ ಇಲ್ವೇ ಇಲ್ಲ ಅನ್ನೋ ಹಂಗೆ ಗೆಣಸು ಅಗ್ಯಕ್ಕೆ ಶುರು ಮಾಡ್ತು,” ಅಂದ ಕಾಳಪ್ಪ.

ನಾನು ಆಗತಾನೆ ಅಂಗಡಿಯ ಹಲಗೆ ತೆಗೆದು ಕಸ ಗುಡಿಸುತ್ತಿದ್ದೆ. ಊರಿಗೆ ಇರುವುದು ಇದೊಂದೇ ಕೋವಿಮದ್ದಿನ ಅಂಗಡಿ. ನಮ್ಮಪ್ಪನದು, ಅಪ್ಪ ಹೋದ ಮೇಲೆ ನನ್ನದು. ಕಾಳಪ್ಪ ಗುಡ್ಡದ ಮೇಲೆ ಗೆಣಸು, ಅವರೆ ಬೆಳೆಯುವವನು, ಅವರಪ್ಪನ ಕಾಲದಿಂದ ನಮ್ಮ ಗಿರಾಕಿ. ಬಾಯಿ ತೆರೆದರೆ ಮುಚ್ಚದ ಮನುಷ್ಯ ಅವತ್ತು ಅಷ್ಟು ಹೇಳಿ ಜಗಲಿಯ ಮೇಲೆ ಕುಸಿದು ಕೂತ. ಪಂಚೆ ಮೊಣಕಾಲಿನವರೆಗೆ ಹರಿದಿತ್ತು, ಒಳಗೆ ಅರಿಸಿನ ಮೆತ್ತಿದ ಗಾಯ. “ಕಾಲಿಗೇನಾಯ್ತೊ?” ಅಂದೆ. “ಅದು ಎರಡನೇ ಹಂದಿ. ಅದಕ್ಕೆ ಗೆಣಸು ಇಷ್ಟ ಇರ್ಲಿಲ್ಲ,” ಅಂದ.

“ತೋಟಾ ನೆನೆಸ್ಕಂಡಿರ್ತೀಯ. ಒಣಗಿರೋ ಜಾಗದಲ್ಲಿಡು ಅಂದ್ರೆ ನೀರಿನ ಗುಡಾಣದ ಪಕ್ಕ ಇಡೋ ಪೈಕಿ ನೀನು,” ಅಂತ ಬೈಯುತ್ತಲೇ ಅವನ ಕೋವಿ ಕಿತ್ತುಕೊಂಡು ಹಿತ್ತಿಲಿಗೆ ಹೋದೆ. ಮಣ್ಣಿನ ಗೋಡೆಗೆ ಗುರಿ ಇಟ್ಟು ಕೋವಿಯ ಕುದುರೆ ಎಳೆದೆ. ಚಟಕ್. ಅವನ ತೋಟಾ ತೆಗೆದು, ಹಿಂದಿನ ದಿನ ನಾನೇ ತುಂಬಿಟ್ಟಿದ್ದನ್ನು ಹಾಕಿದೆ. ಚಟಕ್. ಮದ್ದಿನ ಡಬ್ಬಿಯಿಂದ ಒಂದು ಚಿಟಿಕೆ ಕಲ್ಲಿನ ಮೇಲೆ ಉದುರಿಸಿ ಬೆಂಕಿಕಡ್ಡಿ ಗೀರಿದೆ. ಕಡ್ಡಿ ಉರಿದು ಬೆರಳಿಗೆ ಬಂತು. ಮದ್ದು ಮಾತ್ರ ರಾಗಿಹಿಟ್ಟಿನ ಹಾಗೆ ಅಲ್ಲೇ ಕೂತಿತ್ತು.

ಕಾಳಪ್ಪ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದವನು ಮೆಲ್ಲಗೆ ಹೇಳಿದ: “ದೇವೀರಕ್ಕ, ಇದು ನೆಂದಿರೋದಲ್ಲ. ಮಲಗೈತೆ. ನಿನ್ ಮೇಲೆ ಯಾರೋ ಕೇಸು ಹಾಕವ್ರೆ.”

ನಮ್ಮ ಊರಿನಲ್ಲಿ ಯಾರ ಮೇಲಾದರೂ ಕೇಸು ಬಿದ್ದರೆ ಅವರ ಕೈಯಿಂದ ಹೋದ ಸಾಮಾನು ಮಲಗುತ್ತದೆ. ತೀರ್ಪು ಬರಬೇಕು, ಇಲ್ಲ ಹಾಕಿದವರು ವಾಪಸು ತೆಗೆಯಬೇಕು, ಅಲ್ಲಿಯವರೆಗೆ ಏಳುವುದಿಲ್ಲ. ನಾನು ಚಿಕ್ಕವಳಿದ್ದಾಗ ಕುಂಬಾರಗಿತ್ತಿ ಹೊನ್ನಮ್ಮನ ಮೇಲೆ ಯಾರೋ ಮೇಕೆ ಜಗಳಕ್ಕೆ ಕೇಸು ಹಾಕಿದ್ದರು. ಊರಿನ ಗಡಿಗೆಗಳೆಲ್ಲ ಒಂದೇ ದಿನ ಬೆವರಿ ಬೆವರಿ ಬರಿದಾದವು. ಕೇಸು ಹಾಕಿದವನೂ ಬೊಗಸೆಯಲ್ಲೇ ನೀರು ಕುಡಿದ. ಚಪ್ಪಲಿ ಹೊಲಿಯುವ ಮುದುಕನ ಮೇಲೆ ಹಾಕಿದಾಗ ಮದುವೆ ದಿಬ್ಬಣವೊಂದು ಬರಿಗಾಲಲ್ಲಿ ಹೋಯಿತು, ಗಂಡು ಮುಳ್ಳು ತುಳಿದು ಅತ್ತ. ಇಂಥವನ್ನೆಲ್ಲ ಕಂಡೇ ಹಿರಿಯರು ಒಂದು ಪದ್ಧತಿ ಮಾಡಿದ್ದರು. ಅದಕ್ಕೆ ‘ಹೇಳಿ ಹಾಕೋದು’ ಅನ್ನುತ್ತೇವೆ. ಕೇಸು ಹಾಕುವವರು ಮೊದಲು ಎದುರಾಳಿಯ ಬಾಗಿಲಿಗೆ ಹೋಗಿ, ಹೊಸ್ತಿಲ ಆಚೆ ನಿಂತು, ಬಾಗಿಲು ಬಡಿದು, ಮುಖ ನೋಡಿ ಹೇಳಬೇಕು: ನಿನ್ನ ಮೇಲೆ ಹಾಕ್ತಾ ಇದ್ದೀನಿ. ಊರಿನವರು ಅಷ್ಟರಲ್ಲಿ ನೀರು ತುಂಬಿಕೊಳ್ಳುತ್ತಾರೆ, ಚಪ್ಪಲಿ ಸಾಲ ತರುತ್ತಾರೆ. ಅದಕ್ಕಿಂತ ದೊಡ್ಡ ಮಾತೆಂದರೆ, ಹಾಗೆ ಹೇಳಲು ಹೋದ ಎಷ್ಟೋ ಜನ ಹೇಳದೆ ವಾಪಸು ಬಂದಿದ್ದಾರೆ. ಎದುರಿಗೆ ನಿಂತಾಗ ಒಬ್ಬರು ಅಳುತ್ತಾರೆ, ಇನ್ನೊಬ್ಬರು ಚಾಪೆ ಹಾಸುತ್ತಾರೆ, ಮುಗಿಯಿತು.

ನನ್ನ ಬಾಗಿಲಿಗೆ ಯಾರೂ ಬಂದಿರಲಿಲ್ಲ. ನನಗೆ ಮೊದಲು ಸಿಟ್ಟು ಬಂದದ್ದು ಅದಕ್ಕೆ. ಹಾಕಿದ್ದಕ್ಕಲ್ಲ, ಕಳ್ಳರ ಹಾಗೆ ಹಾಕಿದ್ದಕ್ಕೆ.

ಮಧ್ಯಾಹ್ನ ಕೋರ್ಟಿನ ಜವಾನ ಕಾಗದ ತಂದ. ಹಾಕಿದವಳು ಜವರಮ್ಮ. ಹೆಸರು ನೋಡಿ ನನ್ನ ಸಿಟ್ಟಿಗೆ ಕೂರಲು ಜಾಗವಿಲ್ಲದ ಹಾಗಾಯಿತು. ಜವರಮ್ಮನ ಗಂಡ ಸಿದ್ದ ಡೋಲು ಬಾರಿಸುವವನು. ಆ ಸಲ ಪುರಸಭೆಯ ಎಲೆಕ್ಷನ್ನಿನಲ್ಲಿ ಗೆದ್ದು ಅಧ್ಯಕ್ಷನಾದ ಮರಿಬಸಪ್ಪನ ಮೆರವಣಿಗೆಗೆ ಬಾಡಿಗೆಗೆ ಹೋಗಿದ್ದ. ಅಧ್ಯಕ್ಷನ ಬಾಮೈದ ಲೋಕೇಶಿ ತೆರೆದ ಜೀಪಿನಲ್ಲಿ ನಿಂತು, ಕುಡಿದ ಕಾಲಿನ ಮೇಲೆ ತೂಗಾಡುತ್ತ, ಆಕಾಶಕ್ಕೆ ಕೋವಿ ಹಾರಿಸಲು ಹೋದ. ಜೀಪು ಒಂದು ಗುಂಡಿಗೆ ಇಳಿಯಿತು, ಕೋವಿ ಆಕಾಶದಿಂದ ಕೆಳಗಿಳಿಯಿತು. ಡೋಲು ತೂತಾಯಿತು, ಡೋಲಿನ ಹಿಂದಿದ್ದ ಸಿದ್ದನೂ ತೂತಾದ. ಇಡೀ ಪೇಟೆ ಬೀದಿ ನೋಡಿದ್ದು. ಠಾಣೆಯವರು ಲೋಕೇಶಿಯನ್ನು ಕರೆಸಿ, ಟೀ ಕುಡಿಸಿ, “ಕೈತಪ್ಪು” ಎಂದು ಬರೆದು ಕಳಿಸಿದರು.

ಈಗ ಬಂದ ಕಾಗದದಲ್ಲಿ ಲೋಕೇಶಿಯ ಹೆಸರು ಎಲ್ಲೂ ಇಲ್ಲ. ನನಗೆ ಅಕ್ಷರ ಕಲಿಸಿದ್ದು ಮದ್ದಿನ ಡಬ್ಬಿಯ ಮೇಲಿನ ಬರಹವೇ ಆದರೂ ಓದಲು ಬರುತ್ತದೆ. ಎರಡೆರಡು ಸಲ ಓದಿದೆ. ಸಿದ್ದ ಸತ್ತದ್ದು ತೋಟಾದಿಂದ. ಊರಿನಲ್ಲಿ ತೋಟಾ ಮಾರುವವಳು ದೇವೀರಮ್ಮ ಒಬ್ಬಳೇ. ಆದುದರಿಂದ ಸಾವಿಗೆ ಹೊಣೆ ದೇವೀರಮ್ಮ. ಕೋವಿ ತಾನಾಗಿ ಜೀಪು ಹತ್ತಿತ್ತು, ತಾನಾಗಿ ಕುಡಿದಿತ್ತು ಅಂತ ಬರೆಯುವುದೊಂದು ಬಾಕಿ.

ನಾನು ಮಾರುವುದು ಹೂವಲ್ಲ, ಅದು ನನಗೆ ಗೊತ್ತಿದೆ. ಗೊತ್ತಿರುವುದರಿಂದಲೇ ಅಪ್ಪ ಹಾಕಿಕೊಟ್ಟ ಕಟ್ಟಳೆ ಬಿಟ್ಟಿಲ್ಲ. ಯಾರೇ ಬರಲಿ, ಪಟೇಲನೇ ಬರಲಿ, ಹಿಂದೆ ಒಯ್ದ ತೋಟಾದ ಖಾಲಿ ಸಿಪ್ಪೆ ತಂದು ಕಟ್ಟೆಯ ಮೇಲೆ ಇಡಬೇಕು. ಎಷ್ಟು ಸಿಪ್ಪೆಯೋ ಅಷ್ಟೇ ಹೊಸದು. ಕೊಡುವ ಮೊದಲು ಕೇಳುತ್ತೇನೆ: ಯಾವ ಪ್ರಾಣಿಗೆ? ಉತ್ತರ ಕೇಳುವಾಗ ಬಾಯಿಯ ವಾಸನೆಯೂ ನನಗೆ ಬರಬೇಕು, ಅಷ್ಟು ಹತ್ತಿರ ನಿಲ್ಲಿಸಿಕೊಳ್ಳುತ್ತೇನೆ. ಮೆರವಣಿಗೆಯ ಹಿಂದಿನ ದಿನ ಲೋಕೇಶಿ ಬಂದಿದ್ದ. “ಯಾವ ಪ್ರಾಣಿಗೆ?” ಅಂದೆ. “ಗಾಳಿಗೆ,” ಅಂತ ಹಲ್ಲು ಕಿರಿದ. “ಗಾಳಿಗೆ ಹೊಡ್ಯಕ್ಕೆ ನನ್ ಮದ್ದು ಬ್ಯಾಡ, ಬಾಯಲ್ಲಿ ಊದು, ಹೋಗು,” ಅಂದೆ. ಅವನು ಹೋದದ್ದು ಹೊಳೆಯಾಚೆಯ ಅಂಗಡಿಗೆ. ಅಲ್ಲಿ ಕೇಳುವವರೂ ಇಲ್ಲ, ಮೂಸುವವರೂ ಇಲ್ಲ; ಬೆಲೆ ಮಾತ್ರ ನಾಲ್ಕು ಪಟ್ಟು, ಗುಡ್ಡದ ರೈತರ ಕೈಗೆ ಎಟುಕುವಂಥದ್ದಲ್ಲ. ಆದರೆ ಆ ಮಾತಾಡಿದಾಗ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಅದನ್ನು ನಾನು ಹೇಳಿದರೆ ಊರು ತಲೆ ತೂಗಿ, “ನೀನೇನೋ ಹಂಗಂತೀಯ,” ಅನ್ನುತ್ತಿತ್ತು. ಮಾರುವವಳ ಮಾತಿಗೆ ಬೆಲೆ ಕಟ್ಟುವವರು ಯಾರು?

ಮೊದಲ ವಾಯಿದೆಗೆ ಕೋರ್ಟಿಗೆ ಹೋದೆ. ಜವರಮ್ಮ ಒಂದು ಬೆಂಚಿನ ತುದಿಯಲ್ಲಿ ಕೂತಿದ್ದಳು, ಹೊಸ ಸೀರೆ, ಎರಡೂ ಕಡೆ ಅಧ್ಯಕ್ಷನ ಮನೆಯ ಹೆಂಗಸರು. ಅವಳ ಕಣ್ಣು ಸಿಗಲಿ ಎಂದು ನೋಡಿದೆ, ಸಿಗಲಿಲ್ಲ. ನನ್ನ ಹೆಸರು ಕರೆದಾಗ ನಿಂತು ಹೇಳಿದೆ: “ಸ್ವಾಮಿ, ಇದನ್ನ ತೀರ್ಮಾನ ಮಾಡ್ಲಿಕ್ಕೆ ಒಂದು ಗಳಿಗೆ ಸಾಕು. ನನ್ ಮೇಲೆ ಕೇಸು ಐತೆ, ನಾನು ಮಾರಿದ್ದೆಲ್ಲ ಮಲಗೈತೆ. ಲೋಕೇಶಪ್ಪನ ಹತ್ರ ಅವತ್ತಿಂದು ಮಿಕ್ಕಿರೋ ತೋಟಾ ತರ್ಸಿ. ಇಲ್ಲೇ ಆವರಣದಲ್ಲಿ ಹೊಡೆಸಿ. ಚಟಕ್ ಅಂದ್ರೆ ನಂದು, ನನ್ನ ಜೈಲಿಗೆ ಹಾಕಿ. ಢಂ ಅಂದ್ರೆ ನಂದಲ್ಲ.”

ಕೋರ್ಟಿನಲ್ಲಿ ಗುಸುಗುಸು ಎದ್ದಿತು. ಮುನ್ಸೀಫರು ಕನ್ನಡಕ ತೆಗೆದು ಒರೆಸಿದರು. ಅಧ್ಯಕ್ಷನ ವಕೀಲ ಸೀತಾರಾಮಯ್ಯ ಎದ್ದು ನಿಂತು, “ಮಿಕ್ಕಿಲ್ಲ ಸ್ವಾಮಿ. ಇದ್ದದ್ದು ಅದೊಂದೇ. ಇನ್ನೂ ಸಾಕ್ಷಿಗಳನ್ನು ಕರೆಸುವುದಿದೆ, ವಾಯಿದೆ ಕೊಡಬೇಕು,” ಅಂದರು. ಕೊಟ್ಟರು. ಮುಂದಿನ ಸಲ ಸೀತಾರಾಮಯ್ಯನವರಿಗೆ ಜ್ವರ. ಅದರ ಮುಂದಿನ ಸಲ ಸಾಕ್ಷಿಗೆ ಜ್ವರ. ಆಮೇಲೆ ಮುನ್ಸೀಫರಿಗೇ ಜ್ವರ. ಊರಿನಲ್ಲಿ ಇಷ್ಟು ಜ್ವರ ಇದ್ದರೂ ವೈದ್ಯರ ಮನೆ ಮುಂದೆ ಒಂದು ನರಪಿಳ್ಳೆ ಇರಲಿಲ್ಲ.

ಒಂದು ದಿನ ಕೋರ್ಟಿನ ಕ್ಯಾಂಟೀನಿನಲ್ಲಿ ಸೀತಾರಾಮಯ್ಯನವರು ಕಾಫಿ ಕುಡಿಯುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ನಮ್ಮಪ್ಪ ಸತ್ತಾಗ ಮಣ್ಣಿಗೆ ಬಂದಿದ್ದರು. ಎದುರಿಗೆ ಹೋಗಿ ಕೂತೆ. “ಒಂದೇ ಒಂದು ಮಾತು ಕೇಳ್ತೀನಿ ವಕೀಲ್ರೆ. ಇದನ್ನ ನೀವು ಗೆಲ್ತೀರಾ?”

ಅವರು ಲೋಟವನ್ನು ಬಟ್ಟಲಿಗೆ ಬಗ್ಗಿಸಿ, ಮತ್ತೆ ಲೋಟಕ್ಕೆ ಸುರಿದು, ಕುಡಿಯದೆ ಇಟ್ಟರು. “ಇದು ಗೆಲ್ಲೋದಕ್ಕೆ ಹಾಕಿದ ಕೇಸಲ್ಲ ದೇವೀರಮ್ಮ. ಇರೋದಕ್ಕೆ ಹಾಕಿದ ಕೇಸು.”

“ಅಂದ್ರೆ?”

“ಗುಡ್ಡ ಹತ್ತಿ ನೋಡಿ, ಅರ್ಥ ಆಗುತ್ತೆ.”

ಗುಡ್ಡ ಹತ್ತಿ ನೋಡಿದೆ. ಅಲ್ಲಿ ಹೊಲ ಅನ್ನುವುದೇ ಇರಲಿಲ್ಲ. ಯಾರೋ ಇಡೀ ಗುಡ್ಡವನ್ನು ಉಗುರಿನಲ್ಲಿ ಕೆರೆದ ಹಾಗಿತ್ತು. ಹಂದಿಗಳು ಹಗಲಲ್ಲೇ ಮನೆಯ ಮಕ್ಕಳ ಹಾಗೆ ಓಡಾಡುತ್ತಿದ್ದವು. ಕಾಳಪ್ಪನ ಹೆಂಡತಿ ಕೆಂಪಮ್ಮ ತಗಡು ಬಡಿದು ಬಡಿದು ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಅಕ್ಕಪಕ್ಕದ ಹೊಲದವರು ಆಗಲೇ ಗಂಟುಮೂಟೆ ಕಟ್ಟಿ ಕೆಳಗಿಳಿದಿದ್ದರು. ಇಳಿದವರ ಹೊಲವನ್ನು ಅಧ್ಯಕ್ಷ ಕೊಂಡಿದ್ದ; ಗುಡ್ಡದ ಹೊಟ್ಟೆಯಲ್ಲಿ ಒಳ್ಳೆಯ ಕಪ್ಪು ಕಲ್ಲಿದೆ, ಕ್ವಾರಿ ಮಾಡುತ್ತಾನೆ ಅಂತ ಸುದ್ದಿ. “ನಂದೂ ಕೇಳಿ ಕಳ್ಸಿದ್ದ,” ಅಂದ ಕಾಳಪ್ಪ. “ಹಂದಿಗೆ ಬೇಕಾದ್ರೆ ಬರ್ಕೊಡ್ತೀನಿ, ಅವು ಕಷ್ಟಪಟ್ಟು ಅಗ್ದವೆ, ನಿಮ್ಮ ಧಣಿಗೆ ಕೊಡಲ್ಲ ಅಂತ ಹೇಳ್ದೆ. ಆದ್ರೆ ಅಕ್ಕ, ಮುಂದಿನ ಬಿತ್ತನೆಗೂ ಕೋವಿ ಹಿಂಗೇ ಮಲಗಿದ್ರೆ ನಾನೂ ಇಳೀಬೇಕು. ಕೆಂಪಿ ಬೆರಳು ನೋಡು.”

ಜವರಮ್ಮನ ಕಣ್ಣೀರು, ನನ್ನ ಮದ್ದು, ಕಾಳಪ್ಪನ ಗೆಣಸು, ಎಲ್ಲವನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಆ ಮನುಷ್ಯ ಎಳೆಯುತ್ತಿದ್ದ. ಸಾಲದ್ದಕ್ಕೆ ಊರ ತುಂಬ ಅವನ ಬೋರ್ಡು ಬೇರೆ: ‘ಕೋವಿಗಳನ್ನು ಮಲಗಿಸಿದ ಶಾಂತಿದೂತ.’ ನಾನು ಗುಡ್ಡ ಇಳಿಯುತ್ತ ಬೈದ ಬೈಗುಳಗಳನ್ನು ಇಲ್ಲಿ ಬರೆದರೆ ಕಾಗದ ಹೊತ್ತಿಕೊಳ್ಳುತ್ತದೆ.

ಹಂಗಾದರೆ ಅವನ ಮೇಲೇ ಹಾಕೋಣ ಅಂತ ಕಾಳಪ್ಪ ಹಟ ಹಿಡಿದ. ಪದ್ಧತಿ ಪ್ರಕಾರ ಅಧ್ಯಕ್ಷನ ಬಾಗಿಲು ಬಡಿದು, ಕುಂಟುಕಾಲಲ್ಲಿ ನಿಂತು ಹೇಳಿಯೇ ಹಾಕಿದ. ಸುದ್ದಿ ಹಬ್ಬಿದ್ದೇ ತಡ, ಊರೆಲ್ಲ ಏನು ಮಲಗುತ್ತದೋ ಅಂತ ಕಾದು ಕೂತಿತು. ಹೆಂಗಸರು ಬಿಂದಿಗೆ ತುಂಬಿಟ್ಟರು. ಹೋಟೆಲಿನವನು ದೋಸೆ ಕಾವಲಿಯನ್ನು ಗಳಿಗೆಗೊಮ್ಮೆ ಮುಟ್ಟಿ ನೋಡಿದ. ಸಂಜೆಯಾಯಿತು. ದೀಪ ಹತ್ತಿದವು, ನಲ್ಲಿ ಬಂತು, ಬಸ್ಸು ಓಡಿತು, ಬೀಗ ತೆರೆದವು. ಒಂದು ಸೂಜಿಯೂ ಮಲಗಲಿಲ್ಲ.

“ಇಷ್ಟು ವಯಸ್ಸಾಗೈತೆ ಈ ಮನುಷ್ಯಂಗೆ,” ಅಂತ ಕಾಳಪ್ಪ ಬೀದಿಯಲ್ಲೇ ನಿಂತು ಕೂಗಿದ, “ಇಲ್ಲೀವರ್ಗೂ ಒಂದು ಹಪ್ಪಳ ಕೂಡ ಮಾಡಿಲ್ವಲ್ರಪ್ಪಾ! ಒಂದು ಪೊರಕೆ? ಒಂದು ಬೀಡಿ?”

ಜನ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಏನನ್ನಾದರೂ ಮಾಡುವವರಿಗೆ, ಮಾರುವವರಿಗೆ ಮಾತ್ರ ಈ ಊರಿನಲ್ಲಿ ಕೇಸು ತಾಗುತ್ತದೆ. ಕೈ ಕಟ್ಟಿ ಕೂತು ಆಳುವವನಿಗೆ ಏನು ತಾಗುತ್ತದೆ? ಅವನ ಮೇಲೆ ಹಾಕಿದ ಕೇಸು ನೀರಿನ ಮೇಲೆ ಹಾಕಿದ ಗೆರೆ.

ಉಳಿದದ್ದು ಜವರಮ್ಮ. ಹಾಕಿದವಳು ತೆಗೆದರೆ ಮುಗಿಯಿತು. ಅವಳಿಗೆ ಪುರಸಭೆಯ ಸಾಲುಮನೆಯಲ್ಲಿ ಒಂದು ಕೋಣೆ ಕೊಟ್ಟಿದ್ದರು, ಒಳಗೇ ನಲ್ಲಿ. ಕೇಸು ಇರುವ ತನಕ ಮನೆ ಅವಳದು. ಬಾಗಿಲು ಬಡಿದೆ. ತೆಗೆದು ನನ್ನನ್ನು ಕಂಡವಳೇ ಮುಚ್ಚಲು ಹೋದಳು. ನಾನು ಕಾಲು ಕೊಟ್ಟೆ.

“ಜವರಮ್ಮ, ನಾನವ್ನಿಗೆ ಮಾರಿಲ್ಲ ಕಣವ್ವ.”

“ಎಲ್ರೂ ಹಂಗೇ ಅಂತಾರೆ. ಹೊಡ್ದೋನು ಹೊಡ್ದಿಲ್ಲ ಅಂತಾನೆ, ಜೀಪು ಬಿಟ್ಟೋನು ಗುಂಡಿ ಮೇಲೆ ಹಾಕ್ತಾನೆ, ನೀನು ಮಾರಿಲ್ಲ ಅಂತೀಯ. ಹಂಗಾದ್ರೆ ನನ್ ಗಂಡ ತಾನಾಗೇ ಸತ್ನಾ? ಸಾಯೋ ಆಸೆ ಇತ್ತಾ ಅವ್ನಿಗೆ?” ಅವಳ ದನಿ ಏರಲಿಲ್ಲ, ಏರಿದ್ದರೆ ನನಗೆ ಸುಲಭವಾಗುತ್ತಿತ್ತು. “ಯಾರೋ ಒಬ್ರು ನಿಂತ್ಕಳ್ಲೇಬೇಕಲ್ಲ ದೇವೀರಕ್ಕ. ಅವರು ನಿನ್ ಹೆಸ್ರು ಬರ್ಕಂಡು ಬಂದ್ರು. ಹೆಬ್ಬೆಟ್ಟು ಕೊಡು ಅಂದ್ರು, ಕೊಟ್ಟೆ. ಕಾಲು ತೆಗಿ.”

ಕಾಲು ತೆಗೆದೆ. ಮನೆಗೆ ಬರುವಾಗ ದಾರಿಯುದ್ದಕ್ಕೂ ಯಾರನ್ನು ಬೈಯಬೇಕೆಂದೇ ತಿಳಿಯಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಯಾರಾದರೂ ನಿಂತುಕೊಳ್ಳಬೇಕಿತ್ತು. ನಿಲ್ಲಬೇಕಾದವನು ಜೀಪಿನಲ್ಲಿ ಕೂತು ಎಲೆ ಅಡಿಕೆ ಉಗಿಯುತ್ತ ತಿರುಗುತ್ತಿದ್ದ.

ಅಧ್ಯಕ್ಷನಾಗಿ ವರ್ಷ ತುಂಬಿದ್ದಕ್ಕೆ ಮರಿಬಸಪ್ಪ ಸಂತೆ ಮೈದಾನದಲ್ಲಿ ಶಾಂತಿ ಸಭೆ ಇಟ್ಟುಕೊಂಡ. ನಮ್ಮ ಊರಿನಲ್ಲಿ ಅಧ್ಯಕ್ಷರಾದವರು ವೇದಿಕೆ ಹತ್ತುವಾಗ ಒಂದು ಗುಂಡು ಹಾರಿಸುವುದು ಹಳೆಯ ಮರ್ಯಾದೆ. ಆ ಗುಂಡಿನ ಸದ್ದು ಕೇಳಿದ ಮೇಲೆಯೇ ಜನ ಎದ್ದು ನಿಲ್ಲುವುದು. ಹಿಂದೆಲ್ಲ ಅದಕ್ಕೆ ತೋಟಾ ನಮ್ಮ ಅಂಗಡಿಯಿಂದಲೇ ಹೋಗುತ್ತಿತ್ತು. ಮದ್ದು ಮಾತ್ರ, ಗುಂಡಿಲ್ಲದ್ದು. ಈ ಸಲ ಊರಿನ ಕೋವಿಯೆಲ್ಲ ಮಲಗಿದೆ, ಮರ್ಯಾದೆ ಎಲ್ಲಿಂದ ಬರಬೇಕು?

ನಾನು ಹೋಗಬಾರದು ಅಂದುಕೊಂಡವಳು ಹೋದೆ. ಕಾಳಪ್ಪ ನನ್ನ ಪಕ್ಕ ಕೂತ. ವೇದಿಕೆಯ ಮೇಲೆ ಜವರಮ್ಮನನ್ನು ಶಾಲು ಹೊದಿಸಿ ಕೂರಿಸಿದ್ದರು, ಪೂಜೆಗಿಟ್ಟ ಕಲಶದ ಹಾಗೆ ಅಲುಗಾಡದೆ ಕೂತಿದ್ದಳು. ಅಧ್ಯಕ್ಷ ಕಾರಿನಿಂದ ಇಳಿದು ಮೆಟ್ಟಿಲು ಹತ್ತಿದ. ಯಾರೂ ಏಳಲಿಲ್ಲ. ಬೇಕೆಂದೇ ಅಲ್ಲ, ಸದ್ದು ಕೇಳದೆ ಏಳುವ ಅಭ್ಯಾಸ ನಮ್ಮ ಕಾಲುಗಳಿಗೆ ಇಲ್ಲ. ಅವನು ಮೈಕಿನ ಮುಂದೆ ಕೈ ಮುಗಿದು ನಿಂತ. ಜನ ಕಡಲೆಕಾಯಿ ಸುಲಿಯುತ್ತ ಕೂತೇ ಇದ್ದರು. ಹಿಂದಿನಿಂದ ಯಾರೋ, “ಗುಂಡು ಎಲ್ರಪ್ಪಾ?” ಅಂದ. ಯಾರೋ ಬಾಯಲ್ಲೇ “ಚಟಕ್” ಅಂದ. ನಗು ಬೆಂಕಿಯ ಹಾಗೆ ಸಾಲಿನಿಂದ ಸಾಲಿಗೆ ಹತ್ತಿಕೊಂಡಿತು.

ಅಧ್ಯಕ್ಷನ ಮುಖ ಕಪ್ಪಿಟ್ಟಿತು. ವೇದಿಕೆಯ ಪಕ್ಕ ನಿಂತಿದ್ದ ಲೋಕೇಶಿಗೆ ತಡೆಯಲಾಗಲಿಲ್ಲ. ಭಾವನ ಮುಖ ನೋಡಿದ, ಜನರ ನಗು ನೋಡಿದ. ಜೀಪಿಗೆ ಹೋಗಿ ಕೋವಿ ತಂದ. ಸೀತಾರಾಮಯ್ಯನವರು ಮುಂದಿನ ಸಾಲಿನಿಂದ ಎದ್ದು, “ಏಯ್, ಬೇಡ, ಬೇಡ,” ಅಂತ ಎರಡೂ ಕೈ ಬೀಸಿದರು. ಅವನು ಕೋವಿಯನ್ನು ಆಕಾಶಕ್ಕೆ ಎತ್ತಿ ಹೊಡೆದೇಬಿಟ್ಟ.

ಢಂ.

ಮೈದಾನದ ಕಾಗೆಗಳೆಲ್ಲ ಎದ್ದವು. ಅಭ್ಯಾಸಬಲದಿಂದ ಅರ್ಧ ಜನ ಎದ್ದು ನಿಂತರು. ನಿಂತವರು ನಿಂತಲ್ಲೇ ಗಕ್ಕೆಂದರು. ಇಷ್ಟು ದಿನ ಊರಿನಲ್ಲಿ ಒಂದು ಕೋವಿಯೂ ಸದ್ದು ಮಾಡಿರಲಿಲ್ಲ. ದೇವೀರಕ್ಕನ ಮದ್ದೆಲ್ಲ ಮಲಗಿತ್ತು. ಹಾಗಾದರೆ ಇದು ಎಲ್ಲಿಯದು? ಒಬ್ಬೊಬ್ಬರೇ ಕುತ್ತಿಗೆ ತಿರುಗಿಸಿ ನನ್ನನ್ನು ನೋಡಿದರು. ನಾನು ಯಾರನ್ನೂ ನೋಡಲಿಲ್ಲ. ನಾನು ನೋಡುತ್ತಿದ್ದದ್ದು ವೇದಿಕೆಯ ಮೇಲಿನ ಶಾಲನ್ನು.

ಜವರಮ್ಮ ಸದ್ದಿಗೆ ಮೈ ಮುದುಡಿ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದಳು, ಗುಂಡು ತನಗೇ ಬಿದ್ದ ಹಾಗೆ. ನಿಧಾನವಾಗಿ ಕೈ ಬಿಟ್ಟಳು. ಎದ್ದಳು. ಶಾಲು ಜಾರಿ ಕುರ್ಚಿಯ ಮೇಲೆ ಬಿತ್ತು. ಮೆಟ್ಟಿಲಿಳಿದು ಲೋಕೇಶಿಯ ಹತ್ತಿರ ಹೋದಳು. ಅವನು ಕೋವಿಯ ನಳಿಗೆ ಮಡಚಿ ತೆರೆದು ಸಿಪ್ಪೆಯನ್ನು ನೆಲಕ್ಕೆ ಉದುರಿಸಿದ್ದ.

“ಅವತ್ತಿಂದೂ ಇದೇ ಕೋವಿಯಾ?” ಅಂತ ಕೇಳಿದಳು. ಮೈಕು ಹತ್ತಿರವೇ ಇತ್ತು, ಮೈದಾನಕ್ಕೆಲ್ಲ ಕೇಳಿಸಿತು. ಅವನು ಕೋವಿಯನ್ನು ಬೆನ್ನ ಹಿಂದೆ ಸರಿಸಿದ. “ತೋಟಾನೂ ಇದೇನಾ?” ಅಂದಳು. ಬಗ್ಗಿ ಸಿಪ್ಪೆ ಎತ್ತಿಕೊಂಡಳು. ಇನ್ನೂ ಬಿಸಿ ಇದ್ದಿರಬೇಕು, ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿಕೊಂಡು, ಸೆರಗಿನ ತುದಿಗೆ ಗಂಟು ಕಟ್ಟಿ, ಜನರ ಮಧ್ಯೆಯೇ ನಡೆದು ಹೋದಳು. ಜನ ದಾರಿ ಬಿಟ್ಟರು. ಅಧ್ಯಕ್ಷ ಮೈಕಿನಲ್ಲಿ ಶಾಂತಿಯ ಬಗ್ಗೆ ಅದೇನೋ ಶುರು ಮಾಡಿದ. ಕೇಳಲು ಮೈದಾನದಲ್ಲಿ ಕಡಲೆಕಾಯಿ ಸಿಪ್ಪೆ ಮಾತ್ರ ಉಳಿದಿತ್ತು.

ಮರುದಿನ ಬಿಸಿಲೇರಿದ ಹೊತ್ತು. ಕಾಳಪ್ಪ ಈ ಕಾಲವೆಲ್ಲ ದಿನಾ ಒಂದು ಸಲ ಬೆದರುಬೊಂಬೆಗೆ ಗುರಿ ಇಟ್ಟು ಕುದುರೆ ಎಳೆದು ನೋಡುತ್ತಿದ್ದ, ದೇವರ ದೀಪ ಹಚ್ಚುವ ಹಾಗೆ. ಅವತ್ತು ಗುಡ್ಡದ ಕಡೆಯಿಂದ ಢಂ ಅಂತ ಕೇಳಿಸಿತು. ನನ್ನ ಕೈಯಲ್ಲಿದ್ದ ಅಳತೆಯ ಬಟ್ಟಲು ಕೆಳಗೆ ಬಿತ್ತು. ಹಿಂದೆಯೇ ಇನ್ನೊಂದು ಢಂ. ಅದು ಸಂತೋಷಕ್ಕೆ ಹೊಡೆದದ್ದು, ಆಮೇಲೆ ಅದಕ್ಕೆ ಬೈದೆ. ತಲೆ ಎತ್ತಿದರೆ ಹೊಸ್ತಿಲ ಆಚೆ ಜವರಮ್ಮ ನಿಂತಿದ್ದಳು. ಬಿಸಿಲಲ್ಲಿ ಕೋರ್ಟಿನಿಂದ ನಡೆದು ಬಂದು ಮುಖ ಕೆಂಪಾಗಿತ್ತು, ಹೆಬ್ಬೆರಳಿನಲ್ಲಿ ಶಾಯಿ.

“ಒಳಗೆ ಬಾ,” ಅಂದೆ.

“ಬರಲ್ಲ. ಕೇಸು ತೆಗೆದುಬಿಟ್ಟೆ. ನಲ್ಲಿ ಮನೆ ಇವತ್ತೇ ಬಿಡ್ಬೇಕಂತೆ, ಆಗ್ಲೇ ಬೀಗ ತಂದವ್ರೆ.” ಸೆರಗಿನ ಗಂಟು ಬಿಚ್ಚಿ ಆ ಸಿಪ್ಪೆಯನ್ನು ಕೈ ಚಾಚಿ ಕಟ್ಟೆಯ ಮೇಲೆ ಇಟ್ಟಳು. “ಖಾಲಿ ತಂದ್ರೆ ಹೊಸದು ಕೊಡ್ತೀಯಂತಲ್ಲ. ಕೊಡು.”

ನಾನು ಸಿಪ್ಪೆ ನೋಡಿದೆ. ಅವಳನ್ನು ನೋಡಿದೆ. ಅವಳ ಹತ್ತಿರ ಕೋವಿ ಎಲ್ಲಿಂದ ಬರಬೇಕು ಅಂತ ಕೇ​ಳಬಹುದಿತ್ತು. ಆ ಮುಖಕ್ಕೆ ಕೋವಿ ಸಿಗುತ್ತದೆ, ಹುಡುಕಿಕೊಳ್ಳುತ್ತದೆ. ಕೇಳಬೇಕಾದ್ದನ್ನೇ ಕೇಳಿದೆ. “ಯಾವ ಪ್ರಾಣಿಗೆ?”

“ಹಂದಿಗೆ.”

“ನಿನ್ ಹೊಲ ಎಲ್ಲೈತೆ ಜವರಮ್ಮ?”

“ಹೊಲದ ಹಂದಿ ಅಲ್ಲ. ಜೀಪಲ್ಲಿ ತಿರುಗೋದು.”

“ಕೊಡಲ್ಲ.”

“ಈಗ ಎದ್ದೈತೆ ತಾನೆ ನಿನ್ ಮದ್ದು? ನಾನೇ ಎಬ್ಬಿಸಿರೋದು! ನನ್ ಮನೆ ಬಿಟ್ಟು ಎಬ್ಬಿಸಿರೋದು!”

“ಎದ್ದೈತೆ. ಅದಕ್ಕೇ ಕೊಡಲ್ಲ.”

“ನನ್ ಗಂಡ ಸತ್ತವ್ನೆ ಕಣೇ!” ಈಗ ದನಿ ಏರಿತು. ಎದುರು ಸಾಲಿನ ಅಂಗಡಿಯವರು ಹೊರಗೆ ಬಂದರು. ನನಗೂ ಸಿಟ್ಟು ಏರಿತು. ಅವಳ ಮೇಲಲ್ಲ, ಆದರೆ ಎದುರಿಗಿದ್ದವಳು ಅವಳು. “ಸತ್ತವ್ನೆ! ನನಗೂ ಗೊತ್ತು! ಅವ್ನು ಬಾರ್ಸಿದ ಡೋಲು ಕೇಳೇ ನನ್ ಮದುವೆ ಆಗಿದ್ದು! ನನ್ ಕಟ್ಟೆ ಮೇಲಿಂದ ಇನ್ನೊಂದು ಹೆಣ ಹೋಗಲ್ಲ, ನೀನು ತಲೆ ಚಚ್ಕೊಂಡ್ರೂ ಹೋಗಲ್ಲ!”

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು, ಓದುವವರ ಹಾಗೆ.

“ಅವತ್ತು ಆ ಲೋಕೇಶಿಗೂ ಹಿಂಗೇ ಅಂದಿದ್ದಾ?” ಅಂದಳು. “ಇದೇ ಮಕ ಮಾಡ್ಕಂಡು?”

“ಇದಕ್ಕಿಂತ ಕೆಟ್ಟ ಮಕ ಮಾಡ್ಕಂಡು.”

ಅವಳ ಕಣ್ಣಲ್ಲಿ ನೀರು ಬಂತು. ನಾನು ಬಿಂದಿಗೆಯಿಂದ ನೀರು ಬಗ್ಗಿಸಿ ಕೊಟ್ಟೆ. ಹೊಸ್ತಿಲ ಆಚೆಯಿಂದಲೇ ತೆಗೆದುಕೊಂಡು ಕುಡಿದಳು, ಅರ್ಧ ನೀರಿನಲ್ಲಿ ಮುಖ ತೊಳೆದಳು. ಕಟ್ಟೆಯ ಮೇಲಿನ ಸಿಪ್ಪೆಯನ್ನು ವಾಪಸು ಎತ್ತಿಕೊಂಡಳು.

“ಅವನ ಮೇಲೆ ಹಾಕ್ತೀನಿ.”

“ಹಾಕು. ಆದ್ರೆ ಏನೂ ಮಲಗಲ್ಲ ಜವರಮ್ಮ, ಮೊದ್ಲೇ ಹೇಳ್ತೀನಿ. ಅವ್ನೂ ಅವನ ಭಾವನ ಥರಾನೇ. ಒಂದು ಹಪ್ಪಳ ಮಾಡ್ದೋನಲ್ಲ.”

“ಮಲಗ್ದಿದ್ರೆ ಬ್ಯಾಡ. ಸಿದ್ದ ಬಿದ್ನಲ್ಲ, ಬೀಳ್ಸಿದೋನು ಕಟಕಟೇಲಿ ನಿಂತ್ಕಳ್ಲಿ. ಜ್ವರ ಬಂದ್ರೂ ನಿಂತ್ಕಳ್ಲಿ.”

“ವಕೀಲ್ರು ಯಾರು ಬರ್ತಾರೆ ನಿನ್ ಕಡೆ?”

“ಸೀತಾರಾಮಯ್ಯನವ್ರು ಬೆಳಿಗ್ಗೆ ಕೋರ್ಟ್ ಬಾಗ್ಲಲ್ಲಿ ನನ್ನ ನೋಡಿ ತಲೆ ತಗ್ಗಿಸ್ಕಂಡ್ರು. ಅವ್ರನ್ನೇ ಕೇಳ್ತೀನಿ. ಬರ್ದಿದ್ರೆ ನನ್ ಬಾಯಿ ಐತೆ.” ಲೋಟವನ್ನು ಹೊಸ್ತಿಲ ಮೇಲೆ ಮಗುಚಿಟ್ಟಳು. “ನಿಂಗೆ ಹೇಳ್ದೆ ಹಾಕ್ದೆ. ಅದು ತಪ್ಪು. ಅವ್ನಿಗೆ ಹೇಳೇ ಹಾಕ್ತೀನಿ.”

“ಈಗ್ಲೇ?”

“ಮತ್ತೆ ಯಾವಾಗ? ಮನೆ ಇಲ್ಲ, ಮಠ ಇಲ್ಲ, ನನಗೇನು ಒಲೆ ಮೇಲೆ ಅನ್ನ ಐತಾ?”

ಅವಳು ಹೊರಟಳು. ನಾನು ಅಂಗಡಿಯ ಹಲಗೆ ಎಳೆದು, ಚಪ್ಪಲಿ ಮೆಟ್ಟುವುದನ್ನೂ ಮರೆತು ಹಿಂದೆ ಹೋದೆ. ಎದುರು ಸಾಲಿನವರೂ ಬಂದರು, ಸ್ವಲ್ಪ ದೂರ ಬಿಟ್ಟು. ಲೋಕೇಶಿ ಇರುವುದು ಭಾವನ ಮನೆಯಲ್ಲೇ. ಅಧ್ಯಕ್ಷನ ಆ ಮನೆಯ ಬಾಗಿಲು ಆನೆ ಹೋಗುವಷ್ಟು ದೊಡ್ಡದು, ಮೈತುಂಬ ಹಿತ್ತಾಳೆಯ ಗುಬುಟು. ಪಕ್ಕದಲ್ಲಿ ಒತ್ತುವ ಗಂಟೆಯಿದೆ. ಜವರಮ್ಮ ಗಂಟೆಯ ಕಡೆ ನೋಡಲಿಲ್ಲ. ಹೊಸ್ತಿಲ ಆಚೆ ನಿಂತು ಸೆರಗು ಸರಿ ಮಾಡಿಕೊಂಡಳು, ಕೈಯಲ್ಲಿದ್ದ ಖಾಲಿ ಸಿಪ್ಪೆಯನ್ನು ಬೆರಳುಗಳ ನಡುವೆ ಬಿಗಿಯಾಗಿ ಹಿಡಿದು, ಅದರ ಹಿತ್ತಾಳೆಯ ತಳದಿಂದ ಬಾಗಿಲು ಬಡಿದಳು. ಒಳಗೆ ರೇಡಿಯೋ ನಿಂತಿತು. ಅವಳು ಮತ್ತೆ ಬಡಿದಳು.